"ನಮ್ಮ ಗದ್ದೆ ಮಣ್ಣಿನ ಥರ ಇಲ್ವಲ್ಲ ಮಿಸ್"

ಪ್ರಶ್ನೆ: ಮಂಡ್ಯ ಹತ್ರದ ಹಳ್ಳೀಲಿ ಒಂದು, ಎರಡನೇ ಕ್ಲಾಸಿಗೆ ಪಾಠ ಮಾಡ್ತೀನಿ. ಮಣ್ಣು ಎಲ್ಲಿಂದ ಬಂತು ಅಂತ ಮಕ್ಕಳು ಕೇಳಿದ್ರು, ಕಲ್ಲು ಪುಡಿಯಾಗಿ ಮಣ್ಣಾಗುತ್ತೆ ಅಂತ ಎರಡು ಕಲ್ಲು ಉಜ್ಜಿ ತೋರಿಸ್ದೆ. ಒಬ್ಬ ಹುಡುಗ ಆ ಪುಡೀನ ಮುಟ್ಟಿ ನೋಡಿ "ಇದು ನಮ್ಮ ಗದ್ದೆ ಮಣ್ಣಿನ ಥರ ಇಲ್ವಲ್ಲ ಮಿಸ್" ಅಂದ. ನಂಗೆ ಉತ್ತರ ಹೊಳೀಲಿಲ್ಲ. ಹೇಗೆ ಹೇಳ್ಕೊಡ್ಲಿ?

ಉತ್ತರ: ಆ ಹುಡುಗ ಹೇಳಿದ್ದೇ ಸರಿ ಮೇಡಂ, ಪಾಠಾನ ಅವನ ಮಾತಿಂದಲೇ ಶುರು ಮಾಡಿ. ಬರೀ ಕಲ್ಲಿನ ಪುಡಿ ಮಣ್ಣಲ್ಲ, ಅದಕ್ಕೆ ಕೊಳೆತ ಎಲೆ, ಬೇರು, ಸತ್ತ ಹುಳ, ಎರೆಹುಳದ ಹಿಕ್ಕೆ, ಕಣ್ಣಿಗೆ ಕಾಣದ ಜೀವಿಗಳು, ನೀರು, ಗಾಳಿ ಎಲ್ಲಾ ಸೇರ್ಬೇಕು.

ಇದನ್ನ ಬಾಯಲ್ಲಿ ಹೇಳ್ಬೇಡಿ. ಮನೆ ಕಟ್ತಿರೋ ಕಡೆಯಿಂದ ಎರಡು ಹಿಡಿ ಎಂ ಸ್ಯಾಂಡ್ ತರಿಸಿ, ಅದು ಕ್ರಷರಲ್ಲಿ ಪುಡಿ ಮಾಡಿದ ಬಂಡೆ ತಾನೆ. ತಳಕ್ಕೆ ತೂತಿರೋ ಎರಡು ಕರಟ ತಗೊಂಡು ಒಂದಕ್ಕೆ ಅದು, ಇನ್ನೊಂದಕ್ಕೆ ಆ ಹುಡುಗನ ಗದ್ದೆ ಮಣ್ಣು ತುಂಬಿ, ಎರಡಕ್ಕೂ ರಾಗಿ ಉದುರಿಸಿ ನೀರು ಹಾಕಿ. ಎರಡ್ರಲ್ಲೂ ಮೊಳಕೆ ಬರುತ್ತೆ, ಆಗ ಗಾಬರಿ ಆಗ್ಬೇಡಿ, ಕಾಳಲ್ಲಿರೋ ಬುತ್ತಿ ಮುಗಿಯೋವರೆಗೂ ಪೈರು ಅದನ್ನೇ ತಿಂತಿರುತ್ತೆ, ರಾಗಿ ಸಣ್ಣ ಕಾಳಲ್ವಾ, ಬುತ್ತಿ ಬೇಗ ಖಾಲಿ ಆಗುತ್ತೆ, ಆಮೇಲೆ ಎಂ ಸ್ಯಾಂಡಿನ ಪೈರು ಬಿಳಿಚ್ಕೊಂಡು ಅಲ್ಲೇ ನಿಂತುಬಿಡುತ್ತೆ.

ಇನ್ನು ಕಲ್ಲು ತಾನಾಗೇ ಹೇಗೆ ಪುಡಿಯಾಗುತ್ತೆ ಅನ್ನೋದು. ಬಿಸಿಲಿಗೆ ಹಿಗ್ಗಿ ತಂಪಿಗೆ ಕುಗ್ಗಿ ಬಿರುಕು ಬಿಡುತ್ತೆ, ಬಿರುಕಲ್ಲಿ ಬೇರು ಇಳಿಯುತ್ತೆ, ಮಳೆನೀರು ಕಲ್ಲಿನ ಒಂದು ಭಾಗಾನ ನಿಧಾನಕ್ಕೆ ಜೇಡಿ ಮಾಡುತ್ತೆ, ಕರಗದೆ ಉಳಿದ ಹರಳು ಮರಳಾಗುತ್ತೆ. ಬಂಡೆ ಮೇಲಿನ ಬೂದುಹಸಿರು ಮಚ್ಚೆ ತೋರ್ಸಿ, ಅದು ನಾವು ಮಸಾಲೆಗೆ ಹಾಕೋ ಕಲ್ಲುಹೂವಿನ ಬಳಗದ್ದೇ, ಹುಳಿ ಬಿಟ್ಟು ಕಲ್ಲನ್ನ ಸವೆಸುತ್ತೆ. ನಮ್ಮ ಕಡೆ ಕೆಮ್ಮಣ್ಣು ಯಾಕೆ ಕೆಂಪು ಅಂದ್ರೆ ಕಲ್ಲಲ್ಲಿದ್ದ ಕಬ್ಬಿಣ ತುಕ್ಕು ಹಿಡಿದಿರೋದು, ಹಳೇ ಕುಡುಗೋಲು ಪಕ್ಕದಲ್ಲಿಟ್ರೆ ಮಕ್ಕಳೇ ಹೇಳ್ತಾರೆ.

ಕಷ್ಟ ಇರೋದು ಕಾಲ ಅರ್ಥ ಮಾಡ್ಸೋದ್ರಲ್ಲಿ. ಒಂದಿಂಚು ಮಣ್ಣಾಗೋಕೆ ನೂರಾರು ವರ್ಷ ಬೇಕು ಅಂದ್ರೆ ಆರು ವರ್ಷದ ಮಗೂಗೆ ಏನೂ ಅನ್ಸಲ್ಲ. ಮೈಸೂರಿಗೆ ಕರ್ಕೊಂಡು ಬರೋಕಾದ್ರೆ ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲಿ ನಂದಿವರೆಗೂ ಹತ್ತಿಸಿ. ದೊಡ್ಡದೇವರಾಜ ಒಡೆಯರ ಕಾಲದಲ್ಲಿ, 17ನೇ ಶತಮಾನದಲ್ಲಿ ಕಡೆದಿದ್ದು, ಕೊರಳ ಗಂಟೆ ಇವತ್ತಿಗೂ ಎಣಿಸ್ಬೋದು. ನಿಮ್ಮಜ್ಜೀಗೆ ಅಜ್ಜಿ, ಅವರಿಗೂ ಅಜ್ಜಿ ಹುಟ್ಟೋಕೂ ಎಷ್ಟೋ ಮುಂಚಿಂದ ಕಲ್ಲು ಇಷ್ಟೇ ಸವೆದಿರೋದು ಅಂತ ಹೇಳಿ. ಇಳೀತಾ ಪಕ್ಕದ ಬಂಡೆ ಸಂದಿ ನೋಡಿ, ಒಂದು ಚಮಚದಷ್ಟು ಪುಡಿ, ಒಣಗೆಲೆ, ಅದ್ರಲ್ಲೊಂದು ಹುಲ್ಲು ಸಿಗುತ್ತೆ. ಮಣ್ಣು ಹುಟ್ತಿರೋದು ಅದೇ. ಕಿತ್ಕೊಂಡು ಬರೋಕೆ ಬಿಡ್ಬೇಡಿ.

ಬರೋಕಾಗದಿದ್ರೆ ಗದ್ದೆ ಮಣ್ಣನ್ನ ಬಾಟಲಿ ನೀರಲ್ಲಿ ಕುಲುಕಿ ಕಿಟಕೀಲಿಡಿ. ಮರಳು ಒಂದು ನಿಮಿಷದೊಳಗೆ ಕೂರುತ್ತೆ, ಜೇಡಿ ಮಾರನೇ ದಿನಾನೂ ನೀರನ್ನ ಕದಡಿಸಿಟ್ಟಿರುತ್ತೆ, ಮೇಲೆ ಕಸಕಡ್ಡಿ ತೇಲ್ತಿರುತ್ತೆ. ಅದನ್ನ ಆ ಹುಡುಗನ ಕೈಲೇ ಎತ್ತಿಸಿ, ನೀವು ಉಜ್ಜಿದ ಕಲ್ಲಿನ ಪುಡೀಲಿ ಇದಿತ್ತಾ ಅಂತ ಕೇಳಿ.