ಸೋಲಾರ್ ಪ್ಯಾನೆಲ್‌ನಿಂದ ಕಂಟ್ರೋಲರ್‌ಗೆ ಯಾವ ವೈರ್, ಎಷ್ಟು ಇಂಚಿನ ಪೈಪ್?

ಪ್ರಶ್ನೆ: ಸರ್, ನಮ್ಮದು ರೋಣ ತಾಲೂಕಿನಲ್ಲಿ ಹೊಲದ ಮನೆ. ದನದ ಕೊಟ್ಟಿಗೆಯ ತಗಡಿನ ಮೇಲೆ 335 ವ್ಯಾಟ್‌ನ ಎರಡು ಪ್ಯಾನೆಲ್ ಕೂರಿಸಿ, ಪ್ಯಾರಲಲ್‌ನಲ್ಲಿ ಜೋಡಿಸಿದ್ದೇವೆ. ಅಲ್ಲಿಂದ ಮನೆಯೊಳಗಿನ, ಬ್ಯಾಟರಿ ಚಾರ್ಜ್ ಮಾಡುವ ಕಂಟ್ರೋಲರ್‌ಗೆ 15 ಮೀಟರ್. ಕಂಟ್ರೋಲರ್ 150 ವೋಲ್ಟ್, 40 ಆಂಪಿಯರ್‌ನ ಎಂಪಿಪಿಟಿ. 150 ಎಎಚ್‌ನ ಎರಡು ಬ್ಯಾಟರಿ, 24 ವೋಲ್ಟ್. ಮನೆಗೆ ಎಳೆಯುವ 2.5 ಎಂಎಂ ವೈರ್, ಮುಕ್ಕಾಲು ಇಂಚಿನ ಪೈಪ್ ಸಾಕು ಅಂತ ಎಲೆಕ್ಟ್ರಿಷಿಯನ್ ಹೇಳುತ್ತಾರೆ. ಸಾಕಾಗುತ್ತಾ?

ಉತ್ತರ: ಈಗ ಜೋಡಿಸಿರುವ ರೀತಿಯಲ್ಲಿ ಸಾಲದು. ಆದರೆ ದಪ್ಪ ವೈರ್ ತರೋ ಮೊದಲು ಜೋಡಣೆ ಬದಲಿಸಿ, ಖರ್ಚು ಉಳಿಯುತ್ತೆ.

ಲೆಕ್ಕ ಸುಲಭ. ತಾಮ್ರದ ವೈರ್ ಆದರೆ ಹೋಗಿಬರುವ ಒಟ್ಟು ಮೀಟರ್‌ನ್ನು ಆಂಪಿಯರ್‌ನಿಂದ, ಆಮೇಲೆ 0.0175ರಿಂದ ಗುಣಿಸಿ, ವೈರ್‌ನ ಎಂಎಂನಿಂದ (ವೈರ್ ವಿಷಯದಲ್ಲಿ ಎಂಎಂ ಅಂದರೆ ಒಳಗಿನ ತಾಮ್ರದ ಚದರ ಮಿಲಿಮೀಟರ್) ಭಾಗಿಸಿ. ದಾರಿಯಲ್ಲಿ ಎಷ್ಟು ವೋಲ್ಟ್ ಸೋರುತ್ತೆ ಅಂತ ಸಿಗುತ್ತೆ. ನಿಮ್ಮ ಪ್ಯಾನೆಲ್ ತಲಾ 37 ವೋಲ್ಟ್, 9 ಆಂಪಿಯರ್ ಆಸುಪಾಸು ಕೊಡುತ್ತೆ. ಪ್ಯಾರಲಲ್‌ನಲ್ಲಿ ವೋಲ್ಟ್ ಅಷ್ಟೇ ಇದ್ದು ಆಂಪಿಯರ್ ಕೂಡುತ್ತೆ, ಅಂದರೆ 18 ಆಂಪಿಯರ್. 30 ಮೀಟರ್‌ಗೆ 2.5 ಎಂಎಂ ಹಾಕಿದರೆ 3.8 ವೋಲ್ಟ್ ಹೋಯಿತು. 230 ವೋಲ್ಟ್‌ನಲ್ಲಿ ಅಷ್ಟು ಹೋದರೆ ಯಾರಿಗೂ ಗೊತ್ತಾಗೋದಿಲ್ಲ. 37ರಲ್ಲಿ ಹೋದರೆ ಹತ್ತರಲ್ಲಿ ಒಂದು ಪಾಲು. ಮಧ್ಯಾಹ್ನ ಸುಮಾರು 68 ವ್ಯಾಟ್, ಅಂದರೆ ಒಂದು ಸೀಲಿಂಗ್ ಫ್ಯಾನ್ ತಿರುಗಿಸುವಷ್ಟು ಕರೆಂಟು, ಸುಮ್ನೆ ವೈರ್ ಕಾಯಿಸೋಕೆ ಹೋಗುತ್ತೆ.

ಎರಡೂ ಪ್ಯಾನೆಲ್ ಸಿರೀಸ್‌ನಲ್ಲಿ, ಅಂದರೆ ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ ಸೇರಿಸಿ, ಜೋಡಿಸಿ. ಆಗ 75 ವೋಲ್ಟ್, 9 ಆಂಪಿಯರ್. 4 ಎಂಎಂನಲ್ಲಿ ಸೋರೋದು ಒಂದೂಕಾಲು ವೋಲ್ಟ್‌ಗಿಂತ ಕಡಿಮೆ, ನೂರಕ್ಕೆ ಎರಡೂ ಇಲ್ಲ. ಲೋಡ್ ಇಲ್ಲದಾಗ ಇಂಥ ಎರಡು ಪ್ಯಾನೆಲ್ 92 ವೋಲ್ಟ್‌ವರೆಗೆ ಹೋಗುತ್ತವೆ, ಚಳಿಗಾಲದ ಬೆಳಗ್ಗೆ ಇನ್ನೂ ನಾಲ್ಕೈದು ಜಾಸ್ತಿ. ನಿಮ್ಮ ಕಂಟ್ರೋಲರ್ 150 ತಡೆಯೋದರಿಂದ ಚಿಂತೆಯಿಲ್ಲ. ಪಿಡಬ್ಲ್ಯೂಎಂ ಕಂಟ್ರೋಲರ್ (ಎಂಪಿಪಿಟಿಯಂತೆ ಹೆಚ್ಚಿನ ವೋಲ್ಟನ್ನು ಆಂಪಿಯರ್ ಆಗಿ ಬದಲಿಸಲಾರದ ಬಗೆ) ಇರುವವರು ಮಾತ್ರ ಹೀಗೆ ಮಾಡಬೇಡಿ. ಬಿಸಿಲಿರುವಾಗ, ಕರೆಂಟು ಹರಿಯುತ್ತಿರುವಾಗ ಕನೆಕ್ಟರ್ ಎಳೆದರೆ ಕಿಡಿ ಹಾರುತ್ತೆ. ಸಂಜೆ ಎಂಸಿಬಿ ಇಳಿಸಿ, ಆಮೇಲೆ ಬಿಚ್ಚಿ.

ಸಿರೀಸ್‌ನಲ್ಲಿ 2.5 ಕೂಡ ಲೆಕ್ಕಕ್ಕೆ ಸರಿಹೋಗುತ್ತೆ, ನಿಜ. ಆದರೆ ಮನೆ ವೈರ್‌ನ ಹೊದಿಕೆ ತಗಡಿನ ಮೇಲಿನ ಬಿಸಿಲಿಗೆ ಮಾಡಿದ್ದಲ್ಲ. ಕೆಲವೇ ವರ್ಷದಲ್ಲಿ ಪೆಡಸಾಗಿ ಬಿರುಕು ಬಿಡುತ್ತೆ. ತವರ ಲೇಪಿಸಿದ 4 ಎಂಎಂ ಸೋಲಾರ್ ಕೇಬಲ್ಲೇ ತನ್ನಿ. ಅಗ್ಗ ಅಂತ ಅಲ್ಯುಮಿನಿಯಂ ಬೇಡ.

ಪೈಪ್ ವಿಷಯ. ಪೈಪಿನ ಒಳಗಿನ ಜಾಗದಲ್ಲಿ ವೈರ್ ತುಂಬೋದು ನೂರಕ್ಕೆ 40 ದಾಟಬಾರದು. ಪ್ಯಾನೆಲ್ ಕೇಬಲ್ ಎರಡು, ಅರ್ತಿಂಗ್‌ನ ಹಸಿರು ವೈರ್ ಒಂದು. ಮುಕ್ಕಾಲು ಇಂಚಿನಲ್ಲಿ ಇವು ಅಂಚಿಗೆ ಬಂದು ನಿಲ್ಲುತ್ತವೆ. ಎರಡು ಬೆಂಡ್ ಬಂತೋ, ಎಳೆಯುವಾಗ ಹೊದಿಕೆ ಉಜ್ಜಿಹೋಗುತ್ತೆ. ಒಂದು ಇಂಚು, ಅಂದರೆ 25 ಎಂಎಂ ಹಾಕಿ. ನಾಳೆ ಇನ್ನೊಂದು ಜೋಡಿ ಪ್ಯಾನೆಲ್ ಸೇರಿಸಿದರೂ ಅದರ ಕೇಬಲ್ ಇದರಲ್ಲೇ ಹೋಗುತ್ತೆ. ಇನ್ವರ್ಟರ್‌ನ 230 ವೋಲ್ಟ್ ವೈರ್ ಮಾತ್ರ ಇದರೊಳಗೆ ತೂರಿಸಬೇಡಿ. ತಗಡಿಗೆ ತಾಗಿಸಿ ಪೈಪ್ ಓಡಿಸಿದರೆ ಒಳಗೆ ಕೇಬಲ್ ಬೇಯುತ್ತೆ. ಸ್ಯಾಡಲ್ ಕೊಟ್ಟು ನಾಲ್ಕು ಬೆರಳು ಎತ್ತರಿಸಿ.

ಕೊಟ್ಟಿಗೆಯಿಂದ ಮನೆಗೆ ನೆಲದಲ್ಲಿ ಹೂಳೋದಾದರೆ ನಿಮ್ಮ ಕಡೆಯ ಎರೆಮಣ್ಣನ್ನು ಮರೆಯಬೇಡಿ. ಬೇಸಿಗೆಯಲ್ಲಿ ಬಿರಿಯುತ್ತೆ, ಮಳೆಗೆ ಉಬ್ಬುತ್ತೆ. ಅಂಟಿಸಿದ ಪಿವಿಸಿ ಜಾಯಿಂಟ್ ಎಳೆದಾಡಿಸಿಕೊಂಡು ಬಿಟ್ಟುಕೊಳ್ಳುತ್ತೆ, ನೀರು ಒಳಗೆ. ಜಾಯಿಂಟೇ ಇಲ್ಲದ ಎಚ್‌ಡಿಪಿಇ ಸುರುಳಿ ಪೈಪ್ ತಂದು, ಎರಡು ಅಡಿ ಆಳಕ್ಕೆ, ಕೆಳಗೂ ಮೇಲೂ ಮರಳು ಹಾಕಿ ಮುಚ್ಚಿ. ಎರಡೂ ಬಾಯಿ ಬಿಗಿಯಾಗಿ ಮುಚ್ಚದಿದ್ದರೆ ಇಲಿ ಹೋಗಿ ಕೇಬಲ್ ಕಡಿಯುತ್ತೆ.

ಎಲ್ಲರೂ ಎಡವೋದು ಕಂಟ್ರೋಲರ್‌ನಿಂದ ಬ್ಯಾಟರಿಗೆ ಹೋಗುವ ಚಿಕ್ಕ ತುಂಡಿನಲ್ಲಿ. ಎರಡೇ ಮೀಟರ್ ಅಲ್ವಾ ಅಂತ ಉಳಿದ ವೈರ್ ಹಾಕಿಬಿಡುತ್ತಾರೆ. ಬ್ಯಾಟರಿ 24 ವೋಲ್ಟ್ ಆದ್ದರಿಂದ, 670 ವ್ಯಾಟ್‌ಗೆ ಅಲ್ಲಿ ಹರಿಯೋದು 28 ಆಂಪಿಯರ್. ವೈರ್ ತೆಳುವಾದರೆ ಕಂಟ್ರೋಲರ್‌ಗೆ ಬ್ಯಾಟರಿಯ ವೋಲ್ಟೇಜ್ ಇರೋದಕ್ಕಿಂತ ಜಾಸ್ತಿ ಕಾಣುತ್ತೆ. ಬ್ಯಾಟರಿ ತುಂಬುತ್ತಿದೆ ಅಂದುಕೊಂಡು ಬೇಗ ಚಾರ್ಜಿಂಗ್ ತಗ್ಗಿಸುತ್ತೆ. ಬ್ಯಾಟರಿ ಪೂರ್ತಿ ತುಂಬೋದೇ ನಿಧಾನ, ಹಾಗೇ ಅರ್ಧಂಬರ್ಧ ಉಳಿದು ಬೇಗ ಹಾಳಾಗುತ್ತೆ. ಇಲ್ಲಿ 10 ಎಂಎಂಗಿಂತ ಕಡಿಮೆ ಬೇಡವೇ ಬೇಡ, 16 ಹಾಕಿದರೆ ಇನ್ನೂ ಒಳ್ಳೆಯದು. ತುದಿಗೆ ಲಗ್ (ಲೋಹದ ಕೊಂಡಿ) ಕ್ರಿಂಪ್ ಮಾಡಿಸಿ, ಅಂದರೆ ಒತ್ತಿ ಬಿಗಿ ಮಾಡಿಸಿ. ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ 40 ಆಂಪಿಯರ್ ಡಿಸಿ ಫ್ಯೂಸ್ ಇರಲಿ. ಪ್ಯಾನೆಲ್ ಕಡೆಗೂ ಡಿಸಿ ಎಂಸಿಬಿಯೇ ಬೇಕು. ಮನೆಯ ಎಸಿ ಎಂಸಿಬಿ ಡಿಸಿ ಕಿಡಿಯನ್ನು ಆರಿಸೋದಿಲ್ಲ, ಒಳಗೇ ಹತ್ತಿಕೊಳ್ಳಬಹುದು.

ಕೂಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್. ಕೆಲಸ ಮುಗಿದ ಮೇಲೆ ಒಳ್ಳೆ ಬಿಸಿಲಲ್ಲಿ, ಚಾರ್ಜ್ ಆಗುತ್ತಿರುವಾಗ, ಕೇಬಲ್‌ನ ಎರಡೂ ತುದಿಯಲ್ಲಿ ಮಲ್ಟಿಮೀಟರ್ ಇಟ್ಟು ವೋಲ್ಟ್ ನೋಡಿ. ವ್ಯತ್ಯಾಸ ಒಂದೂವರೆಯೊಳಗೆ ಇರಬೇಕು. ಎರಡು ದಾಟಿದರೆ ಯಾವುದೋ ಕನೆಕ್ಟರ್ ಸರಿಯಾಗಿ ಕ್ರಿಂಪ್ ಆಗಿಲ್ಲ. ಹಣ ಕೊಡೋ ಮೊದಲೇ ಎಲೆಕ್ಟ್ರಿಷಿಯನ್‌ಗೆ ತೋರಿಸಿ, ಸರಿ ಮಾಡಿಸಿಕೊಳ್ಳಿ.