ರೆಂಚ್ ಕೊಳ್ಳಿ, ರೈಫಲ್ ಮಾತ್ರ ಮುಟ್ಟಬೇಡಿ

ಸರ್ ಎಂದು ಬರೆದಿದ್ದೀರಿ. ಅಣ್ಣ ಎಂದರೆ ಸಾಕು.

ನೀವು ಕೇಳಿದ್ದು ಇಷ್ಟು. ಎಚ್-1ಬಿ ಎಂಬ ಉದ್ಯೋಗ ವೀಸಾದ ಮೇಲೆ ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ಗೆ ಬಂದು ಇನ್ನೂ ವರ್ಷ ಆಗಿಲ್ಲ. ಊರು ವಿರಾಜಪೇಟೆ ಹತ್ತಿರ. ಮನೆಯಲ್ಲಿ ಜೋಡಿ ನಳಿಗೆ ಕೋವಿ ನೋಡಿಕೊಂಡೇ ಬೆಳೆದವರು. ಪಕ್ಕದ ಮನೆಯವರು ಗ್ಯಾರೇಜಿನಲ್ಲಿ ಎಆರ್-15 ರೈಫಲ್ ಜೋಡಿಸುತ್ತಿದ್ದಾರೆ. ಶನಿವಾರ ಬಾ, ನಿನಗೂ ಕಲಿಸುತ್ತೇನೆ, ಒಂದು ಒಳ್ಳೆಯ ರೆಂಚ್ ಇದ್ದರೆ ತಾ ಎಂದಿದ್ದಾರೆ. ಯಾವ ರೆಂಚ್ ಕೊಳ್ಳಲಿ, ಅದು ನನ್ನ ಹಳೆಯ ಸಿವಿಕ್ ಕಾರಿಗೂ ಆಗುತ್ತದಾ, ತಾಯಿ ಬರುವಾಗ ಊರಿನಿಂದ ಸ್ಪ್ಯಾನರ್ ಸೆಟ್ ತರಿಸಲಾ ಎಂದು ಕೇಳಿದ್ದೀರಿ.

ರೆಂಚ್ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಇದನ್ನು ಕೇಳಿ. ನೀವು ಆ ರೈಫಲನ್ನು ಕೈಗೆ ತೆಗೆದುಕೊಳ್ಳಬಾರದು.

ಎಚ್-1ಬಿ, ಎಲ್-1, ಎಚ್-4, ಎಫ್-1 ಎಲ್ಲವೂ ಇಲ್ಲಿನ ಕಾನೂನಿನ ಲೆಕ್ಕದಲ್ಲಿ ನಾನ್-ಇಮಿಗ್ರಂಟ್ ವೀಸಾಗಳು, ಅಂದರೆ ಕಾಯಂ ನೆಲೆಸಲು ಅಲ್ಲ, ತಾತ್ಕಾಲಿಕವಾಗಿ ಇರಲು ಕೊಟ್ಟವು. ಅಂಥ ವೀಸಾದ ಮೇಲೆ ಬಂದವರು ಬಂದೂಕನ್ನಾಗಲಿ, ತೋಟಾವನ್ನಾಗಲಿ ತಮ್ಮ ವಶದಲ್ಲಿ ಇಟ್ಟುಕೊಳ್ಳುವಂತಿಲ್ಲ. 1968ರ ಬಂದೂಕು ನಿಯಂತ್ರಣ ಕಾನೂನಿಗೆ 1998ರಲ್ಲಿ ಈ ನಿಯಮ ಸೇರಿತು. ಇದು ಕೇಂದ್ರದ ಕಾನೂನು. ಒಹಾಯೊ ಬಂದೂಕಿನ ವಿಷಯದಲ್ಲಿ ಧಾರಾಳ ರಾಜ್ಯ, ನಿಜ. ಆದರೆ ಆ ಧಾರಾಳತನ ನಿಮ್ಮನ್ನು ಕಾಯುವುದಿಲ್ಲ. ಸಿಕ್ಕಿಬಿದ್ದರೆ ಹೆಚ್ಚೆಂದರೆ 10 ವರ್ಷ ಎಂದಿದ್ದ ಶಿಕ್ಷೆಯನ್ನು 2022ರಲ್ಲಿ 15 ವರ್ಷಕ್ಕೆ ಏರಿಸಿದ್ದಾರೆ. ಜೈಲು ಆಚೆಗಿರಲಿ, ಬಂದೂಕಿನ ಅಪರಾಧ ಸಾಬೀತಾದರೆ ದೇಶದಿಂದ ಕಳುಹಿಸಲು ಅದೇ ಕಾರಣವಾಗಬಹುದು. ಗ್ರೀನ್ ಕಾರ್ಡಿಗೆ ವರ್ಷಗಟ್ಟಲೆ ಕಾಯುವ ನಮ್ಮ ಜನಕ್ಕೆ ಇದಕ್ಕಿಂತ ದೊಡ್ಡ ಹೊಡೆತ ಇಲ್ಲ.

ಒಂದು ವಿನಾಯಿತಿ ಇದೆ. ಯಾವುದಾದರೂ ರಾಜ್ಯ ಕೊಟ್ಟ ಬೇಟೆಯ ಲೈಸೆನ್ಸ್ ನಿಮ್ಮ ಹತ್ತಿರ ಚಾಲ್ತಿಯಲ್ಲಿದ್ದರೆ ಈ ನಿಷೇಧ ಅನ್ವಯಿಸುವುದಿಲ್ಲ. ಎಷ್ಟೋ ಜನ ಅದನ್ನೇ ದಾರಿ ಮಾಡಿಕೊಂಡಿದ್ದಾರೆ. ನೀವೂ ಹಾಗೆ ಮಾಡುವ ಯೋಚನೆ ಇದ್ದರೆ ಮೊದಲು ವಲಸೆ ವಕೀಲರನ್ನು ಕೂತು ಕೇಳಿ. ಆಫೀಸಿನಲ್ಲಿ ಊಟದ ಹೊತ್ತಿಗೆ ಯಾರೋ ಹೇಳಿದ್ದನ್ನು ನಂಬಬೇಡಿ, ನಾನು ಬರೆದಿದ್ದನ್ನೂ ಅಷ್ಟಕ್ಕೇ ನೆಚ್ಚಿಕೊಳ್ಳಬೇಡಿ.

ನಿಮ್ಮ ಪಕ್ಕದವರು "ಇದು ಬರೀ ಬಿಡಿಭಾಗ, ಬಂದೂಕು ಅಲ್ಲ" ಎನ್ನಬಹುದು. ಪೂರ್ತಿ ಸುಳ್ಳಲ್ಲ. ನಳಿಗೆ, ಹಿಡಿ, ಸ್ಪ್ರಿಂಗು, ಸ್ಟಾಕ್ ಇವೆಲ್ಲ ಸುಮ್ನೆ ಸಾಮಾನು, ಅಂಚೆಯಲ್ಲೂ ಬರುತ್ತವೆ. ಆದರೆ ಎಆರ್-15ರಲ್ಲಿ ಲೋವರ್ ರಿಸೀವರ್ ಎಂಬ ಒಂದು ತುಂಡು ಇದೆ. ಟ್ರಿಗರ್ ಕೂರುವುದು ಅದರೊಳಗೆ. ಸೀರಿಯಲ್ ನಂಬರ್ ಇರುವುದೂ ಅದರ ಮೇಲೆ. ಕಾನೂನಿನ ಕಣ್ಣಿಗೆ ಆ ಒಂದು ತುಂಡೇ ಬಂದೂಕು, ಅದಕ್ಕೆ ಇನ್ನೇನೂ ಸೇರಿಸದಿದ್ದರೂ. "ಎರಡು ದಿನ ನಿನ್ನ ಗ್ಯಾರೇಜಲ್ಲಿ ಇಟ್ಟುಕೋ" ಎಂದರೆ ಬೇಡ ಎನ್ನಿ. ತೋಟಾದ ಡಬ್ಬಿಯನ್ನು ನಿಮ್ಮ ಕಾರಿನ ಡಿಕ್ಕಿಯಲ್ಲಿ ಇಡುವುದೂ ಬೇಡ. ಅವರ ಜೊತೆ ರೇಂಜಿಗೆ ಹೋಗಿ ಒಂದೆರಡು ಗುಂಡು ಹೊಡೆದು ಬರುವುದಕ್ಕೂ ಇದೇ ಮಾತು.

ನಿಮಗೆ ಇದು ಕಷ್ಟ ಅನಿಸುತ್ತದೆ ಎಂದು ಗೊತ್ತು. ಕೊಡಗಿನಲ್ಲಿ ಕೋವಿ ಎಂದರೆ ಭಯದ ವಸ್ತು ಅಲ್ಲ. ಕೈಲ್ ಮುಹೂರ್ತದ ದಿನ ಅದರ ಬಾಯಿಗೆ ತೋಕ್ ಪೂ, ಅಂದರೆ ಕೋವಿ ಹೂವು, ಇಟ್ಟು ಪೂಜೆ ಮಾಡುತ್ತೀರಿ. ಹುತ್ತರಿಯಲ್ಲಿ ಕದಿರು ಕೊಯ್ಯುವಾಗ ಆಕಾಶಕ್ಕೆ ಗುಂಡು ಹಾರಿಸುತ್ತೀರಿ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಸಿಕ್ಕ ವಿನಾಯಿತಿ ಬ್ರಿಟಿಷರ ಕಾಲದ್ದು. ಅದನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ 10 ವರ್ಷಕ್ಕೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆ ಹಕ್ಕು ನೆಲಕ್ಕೂ ಮನೆತನಕ್ಕೂ ಅಂಟಿಕೊಂಡ ಹಕ್ಕು. ವಿಮಾನ ಹತ್ತಿ ನಮ್ಮ ಜೊತೆ ಬರುವುದಿಲ್ಲ. ಇಲ್ಲಿನವರಿಗೆ ಇರುವ ಹಕ್ಕು ಇಲ್ಲಿನ ಸಂವಿಧಾನದ್ದು. ಅದರಲ್ಲಿ ನಮ್ಮ ಪಾಲು ಎಷ್ಟು ಎನ್ನುವುದನ್ನು ಪಾಸ್‌ಪೋರ್ಟಿನೊಳಗಿನ ವೀಸಾ ಹೇಳುತ್ತದೆ. ಗ್ರೀನ್ ಕಾರ್ಡ್ ಬಂದ ಮೇಲೆ ಈ ಅಡ್ಡಿ ಹೋಗುತ್ತದೆ. ಆಗ ಅಂಗಡಿಯಲ್ಲಿ 4473 ಎಂಬ ಫಾರಂ ತುಂಬಿ, ಹಿನ್ನೆಲೆ ಪರೀಕ್ಷೆ ಆಗಿ, ರಾಜಮಾರ್ಗದಲ್ಲೇ ಕೊಳ್ಳಬಹುದು. ಅಲ್ಲಿಯವರೆಗೆ ತಡೆದುಕೊಳ್ಳಿ.

ಹಾಗೆಂದು ಪಕ್ಕದವರ ಗ್ಯಾರೇಜಿಗೆ ಹೋಗುವುದನ್ನು ಬಿಡಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಇಲ್ಲಿ ಮನೆಯೊಳಗೆ ಕರೆಯುವುದು ಕಡಿಮೆ. ಗ್ಯಾರೇಜಿನ ಬಾಗಿಲು ಮೇಲೆತ್ತಿ ಕೆಲಸ ಮಾಡುತ್ತಿದ್ದಾರೆ ಎಂದರೆ ಮಾತಾಡಿಸಬಹುದು ಎಂದೇ ಅರ್ಥ. ನನಗೆ ಈ ದೇಶದಲ್ಲಿ ಸಿಕ್ಕ ಒಳ್ಳೆಯ ಸ್ನೇಹಗಳು ಆಫೀಸಿನಲ್ಲಿ ಹುಟ್ಟಿದವಲ್ಲ, ಇಂಥ ಗ್ಯಾರೇಜುಗಳಲ್ಲೇ. ನೇರವಾಗಿ ಹೇಳಿಬಿಡಿ: ನನ್ನ ವೀಸಾದಲ್ಲಿ ಬಂದೂಕು ಮುಟ್ಟುವಂತಿಲ್ಲ, ನಿಮ್ಮ ಟ್ರಕ್ಕಿನ ಕೆಲಸ ಇದ್ದರೆ ಕರೆಯಿರಿ, ಖಂಡಿತ ಬರುತ್ತೇನೆ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬಂದೂಕಿನ ಜವಾಬ್ದಾರಿ ಗೊತ್ತಿರುವವರಿಗೆ ನಿಮ್ಮ ಮೇಲೆ ಗೌರವ ಹೆಚ್ಚುತ್ತದೆ.

ಇನ್ನು ರೆಂಚ್. ಅದನ್ನು ಕೊಳ್ಳಲು ಯಾವ ವೀಸಾವೂ ಅಡ್ಡ ಬರುವುದಿಲ್ಲ.

ಅವರ ಕೆಲಸಕ್ಕೆ ಬೇಕಾದದ್ದು ಎರಡು. ಒಂದು ಆರ್ಮರರ್ಸ್ ರೆಂಚ್. ನಳಿಗೆಯನ್ನು ಹಿಡಿಯುವ ಬ್ಯಾರಲ್ ನಟ್‌ಗೆ ಸುತ್ತಲೂ ಹಲ್ಲುಗಳಿರುತ್ತವೆ. ಆ ಹಲ್ಲಿಗೆ ಸರಿಯಾಗಿ ಕೂರುವಂತೆ ಮಾಡಿದ ಚಪ್ಪಟೆ ರೆಂಚ್ ಇದು. ಈ ಮಾದರಿಯ ರೈಫಲ್ ಬಿಟ್ಟರೆ ಇನ್ನಾವುದಕ್ಕೂ ಹೆಚ್ಚು ಉಪಯೋಗವಿಲ್ಲ. ಅಗ್ಗದ್ದು ತೆಳ್ಳಗಿರುತ್ತದೆ, ಬಲ ಬಿದ್ದಾಗ ಜಾರಿ ನಟ್ಟಿನ ಹಲ್ಲು ತಿನ್ನುತ್ತದೆ. ಅದು ಅವರ ಹತ್ತಿರ ಇದ್ದೇ ಇರುತ್ತದೆ. ನೀವು ಕೊಳ್ಳಬೇಡಿ, ದುಡ್ಡು ದಂಡ. ಇನ್ನೊಂದು ಟಾರ್ಕ್ ರೆಂಚ್. ಇದನ್ನು ಕೊಳ್ಳಿ. ನಿಮ್ಮ ಕಾರಿಗೂ ಬೇಕು, ಅವರಿಗೂ ಎರವಲು ಕೊಡಬಹುದು.

ಟಾರ್ಕ್ ಎಂದರೆ ತಿರುಗಿಸುವ ಬಲ. ಒಂದು ಅಡಿ ಉದ್ದದ ಹಿಡಿಯ ತುದಿಯಲ್ಲಿ ಒಂದು ಪೌಂಡ್ ಬಲ ಹಾಕಿದರೆ ಒಂದು ಫುಟ್-ಪೌಂಡ್. ಬೋಲ್ಟು ಬಿಗಿದಾಗ ಅದು ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಗ್ಗಿದ್ದು ವಾಪಸ್ ಎಳೆಯುವುದರಿಂದಲೇ ಹಿಡಿತ ಬರುವುದು. ನಾವು ಹಾಕುವ ಬಲದಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಹಿಗ್ಗಿಸಲು ಹೋಗುತ್ತದೆ. ಉಳಿದದ್ದನ್ನು ಬೋಲ್ಟಿನ ತಲೆಯ ಕೆಳಗಿನ ಮತ್ತು ಮರೆಯ, ಅಂದರೆ ಮೈಮೇಲಿನ ಸುರುಳಿ ಗೆರೆಗಳ, ಘರ್ಷಣೆ ತಿನ್ನುತ್ತದೆ. ಆದ್ದರಿಂದಲೇ ಕೈ ಅಂದಾಜು ನೆಚ್ಚಿಕೊಳ್ಳುವಂಥದ್ದಲ್ಲ. ಮರೆಗೆ ಎಣ್ಣೆ ಬಿದ್ದರೆ ಲೆಕ್ಕವೇ ಬದಲಾಗುತ್ತದೆ, ಅದೇ ಅಂಕಿಗೆ ಬೋಲ್ಟು ತುಂಬಾ ಜಾಸ್ತಿ ಹಿಗ್ಗುತ್ತದೆ. ತಯಾರಕರು ಗ್ರೀಸ್ ಹಾಕಿ ಎಂದ ಕಡೆ ಹಾಕಬೇಕು, ಒಣಗಿರಲಿ ಎಂದ ಕಡೆ ಒಣಗಿರಬೇಕು.

ಇಲ್ಲಿ ಅಂಕಿಯ ಜೊತೆಗಿನ ಅಳತೆಯನ್ನು ಕಣ್ಣಿಟ್ಟು ಓದಿ. ಇಂಚ್-ಪೌಂಡ್ ಬೇರೆ, ಫುಟ್-ಪೌಂಡ್ ಬೇರೆ. ಹನ್ನೆರಡು ಇಂಚ್-ಪೌಂಡ್ ಸೇರಿದರೆ ಒಂದು ಫುಟ್-ಪೌಂಡ್. ಆ ರೈಫಲಿನ ಬ್ಯಾರಲ್ ನಟ್‌ಗೆ 30ರಿಂದ 80 ಫುಟ್-ಪೌಂಡ್ ಹೇಳಿರುತ್ತಾರೆ. ಅದರ ಮೇಲೆ ಕೂರಿಸುವ ದುರ್ಬೀನಿನ ಉಂಗುರದ ಸ್ಕ್ರೂಗಳಿಗೆ ಸಾಮಾನ್ಯವಾಗಿ 15ರಿಂದ 20 ಇಂಚ್-ಪೌಂಡ್ ಅಷ್ಟೇ. ಎರಡಕ್ಕೂ ಒಂದೇ ರೆಂಚ್ ಆಗುವುದಿಲ್ಲ. ಇಟ್ಟ ಅಂಕಿ ಮುಟ್ಟಿದಾಗ ಕ್ಲಿಕ್ ಎನ್ನುವ ಟಾರ್ಕ್ ರೆಂಚುಗಳು ತಮ್ಮ ಗರಿಷ್ಠದ ಐದನೇ ಒಂದು ಭಾಗಕ್ಕಿಂತ ಕೆಳಗೆ ನಂಬಿಕೆಗೆ ಯೋಗ್ಯ ಅಲ್ಲ. 150 ಫುಟ್-ಪೌಂಡಿನ ರೆಂಚ್ ಎಂದರೆ 30ರಿಂದ ಮೇಲೆ ಸರಿ ಎಂದಿಟ್ಟುಕೊಳ್ಳಿ. ಆ ಮಿತಿಯೊಳಗೆ ಒಳ್ಳೆಯದೊಂದು ಶೇ 4ರಷ್ಟು ಮಾತ್ರ ಹೆಚ್ಚು ಕಡಿಮೆ ತೋರಿಸುತ್ತದೆ.

ಇನ್ನೊಂದು ಸಂಗತಿ, ಗ್ಯಾರೇಜಿನಲ್ಲಿ ಪಳಗಿದವರೂ ಎಷ್ಟೋ ಸಲ ಗಮನಿಸುವುದಿಲ್ಲ. ಆರ್ಮರರ್ಸ್ ರೆಂಚಿನಲ್ಲಿ ಅರ್ಧ ಇಂಚಿನ ಚೌಕ ತೂತು ಇರುತ್ತದೆ. ಟಾರ್ಕ್ ರೆಂಚನ್ನು ಅದಕ್ಕೆ ಸಿಕ್ಕಿಸುತ್ತಾರೆ. ಎರಡೂ ಒಂದೇ ಗೆರೆಯಲ್ಲಿ ಮುಂದಕ್ಕೆ ಚಾಚಿದ್ದರೆ ಹಿಡಿಯ ಉದ್ದ ಹೆಚ್ಚಿದಂತೆ. ಹಿಡಿಯಿಂದ ಚೌಕದವರೆಗೆ 16 ಇಂಚು, ಅಲ್ಲಿಂದ ನಟ್ಟಿನ ನಡುವಿಗೆ 2 ಇಂಚು ಎಂದುಕೊಳ್ಳಿ. 40ಕ್ಕೆ ಇಟ್ಟು ಕ್ಲಿಕ್ ಕೇಳಿದರೆ ನಟ್ಟಿಗೆ ನಿಜಕ್ಕೂ ಬಿದ್ದದ್ದು 45. ಎರಡನ್ನೂ 90 ಡಿಗ್ರಿಗೆ ಅಡ್ಡವಾಗಿ ಜೋಡಿಸಿದರೆ ಈ ವ್ಯತ್ಯಾಸ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಕಾರಿನ ಇಕ್ಕಟ್ಟಿನಲ್ಲಿ ಕ್ರೋ-ಫುಟ್, ಅಂದರೆ ರೆಂಚಿನ ತುದಿಗೆ ಸಿಕ್ಕಿಸುವ ತೆರೆದ ಬಾಯಿಯ ತುಂಡು, ಹಾಕುವಾಗಲೂ ಇದೇ ಲೆಕ್ಕ. ಶನಿವಾರ ಈ ಮಾತು ಪಕ್ಕದವರಿಗೆ ಹೇಳಿ. ಬಂದೂಕು ಮುಟ್ಟದೆಯೂ ಮಾಡಬಹುದಾದ ಸಹಾಯ ಅದು.

ನಿಮಗೆ ನಾನು ಹೇಳುವುದು ಅರ್ಧ ಇಂಚು ಡ್ರೈವಿನ (ಸಾಕೆಟ್ ಕೂರುವ ಚೌಕ ತುದಿ), 150 ಫುಟ್-ಪೌಂಡಿನವರೆಗೆ ಹೋಗುವ ಕ್ಲಿಕ್ ರೆಂಚ್. ನಿಮ್ಮ ಸಿವಿಕ್ಕಿನ ಚಕ್ರದ ನಟ್‌ಗೆ 80 ಫುಟ್-ಪೌಂಡ್ ಬೇಕು, ಅಂದರೆ ಈ ರೆಂಚಿನ ನಟ್ಟನಡುವೆ. ಬಳಸಿ ಆದ ಮೇಲೆ ಅಂಕಿಯನ್ನು ಕನಿಷ್ಠಕ್ಕೆ ಇಳಿಸಿ ಡಬ್ಬಿಯಲ್ಲಿ ಇಡಿ, ಇಲ್ಲವಾದರೆ ಒಳಗಿನ ಸ್ಪ್ರಿಂಗ್ ದಣಿಯುತ್ತದೆ. ಬಿಚ್ಚಲು ಇದನ್ನು ಎಂದೂ ಬಳಸಬೇಡಿ. ಅದಕ್ಕೆ ಉದ್ದ ಹಿಡಿಯ ಬ್ರೇಕರ್ ಬಾರ್ ಬೇರೆ ಕೊಳ್ಳಿ, ದುಬಾರಿ ಅಲ್ಲ. ಹೋಂಡಾಕ್ಕೆ 19 ಮಿಲಿಮೀಟರಿನ ಸಾಕೆಟ್. ಆರು ಮೂಲೆಯದ್ದೇ ತನ್ನಿ. ಹನ್ನೆರಡು ಮೂಲೆಯದ್ದು ಬಿಗಿದ ನಟ್ಟಿನ ಅಂಚನ್ನು ಸವೆಸುತ್ತದೆ.

ಚಕ್ರಗಳ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಒಹಾಯೊದ ಚಳಿಗಾಲಕ್ಕೆ ಇದು ಬೇಕು. ನವೆಂಬರಿನಲ್ಲಿ ಹಿಮದ ಟೈರ್ ಹಾಕಿಸುತ್ತೀರಿ, ವಸಂತದಲ್ಲಿ ತೆಗೆಸುತ್ತೀರಿ. ಅಂಗಡಿಗಳಲ್ಲಿ ಅವಸರಕ್ಕೆ ನಟ್ ಬಿಗಿಯುವ ಗಾಳಿಯ ಗನ್ನಿನಿಂದ ಅತಿಯಾಗಿ ಬಿಗಿದು ಕಳುಹಿಸುತ್ತಾರೆ. ಒಮ್ಮೆ ನನ್ನ ಕಾರನ್ನು ಒಂದು ಅಂಗಡಿಯವರು ಹಾಗೆ ಬಿಗಿದಿದ್ದರು. ಆಮೇಲೆ ಹೆದ್ದಾರಿಯ ಅಂಚಿನಲ್ಲಿ ಪಂಕ್ಚರ್ ಆದಾಗ ಕಾರಿನ ಜೊತೆ ಕೊಟ್ಟ ಗಿಡ್ಡ ರೆಂಚಿಗೆ ನಟ್ ಜಪ್ಪಯ್ಯ ಅನ್ನಲಿಲ್ಲ. ಹಿಂದಿನ ಸೀಟಿನಲ್ಲಿ ಮಕ್ಕಳು, ಹೊರಗೆ ಹಿಮ, ಪಕ್ಕದಲ್ಲೇ ಲಾರಿಗಳು. ಅಂಗಡಿಯಿಂದ ಮನೆಗೆ ಬಂದ ಕೂಡಲೇ ನಟ್ ಸಡಿಲಿಸಿ ನೀವೇ 80ಕ್ಕೆ ಬಿಗಿಯಿರಿ. ಸುತ್ತಲೂ ಸಾಲಾಗಿ ಬಿಗಿಯಬೇಡಿ, ಒಂದನ್ನು ಬಿಟ್ಟು ಎದುರಿನದ್ದಕ್ಕೆ ಹೋಗಿ. ಕೊನೆಯ ಬಿಗಿತ ಚಕ್ರ ನೆಲಕ್ಕೆ ತಾಗಿದ ಮೇಲೆ. 50ರಿಂದ 100 ಮೈಲಿ ಓಡಿದ ಮೇಲೆ ಮತ್ತೊಮ್ಮೆ ನೋಡಿ.

ಈಗಲೇ ದುಡ್ಡು ಹಾಕಲು ಮನಸ್ಸಿಲ್ಲವಾದರೆ ಆಟೋಝೋನ್, ಓರೈಲಿ ಅಂಗಡಿಗಳಲ್ಲಿ ಟಾರ್ಕ್ ರೆಂಚ್ ಎರವಲು ಸಿಗುತ್ತದೆ. ಠೇವಣಿ ಇಟ್ಟು ಒಯ್ಯಿರಿ, ವಾಪಸ್ ಕೊಟ್ಟಾಗ ದುಡ್ಡು ಬರುತ್ತದೆ. ನಮ್ಮಲ್ಲಿ ಅನೇಕರಿಗೆ ಇದು ಗೊತ್ತೇ ಇಲ್ಲ.

ಆಫೀಸಿನಲ್ಲಿ ಎಲ್ಲರೂ ಬಂದೂಕಿನ ಮಾತು ಆಡುತ್ತಾರೆ, ಇದು ಮಾಮೂಲಾ ಎಂದೂ ಕೇಳಿದ್ದೀರಿ. ಒಹಾಯೊದಲ್ಲಿ ಹೌದು. ಥ್ಯಾಂಕ್ಸ್‌ಗಿವಿಂಗ್ ಮುಗಿದ ಸೋಮವಾರ ಜಿಂಕೆ ಬೇಟೆಯ ವಾರ ಶುರುವಾಗುತ್ತದೆ. ಆಗ ಅರ್ಧ ತಂಡ ರಜೆ ಹಾಕಿದರೆ ಆಶ್ಚರ್ಯ ಪಡಬೇಡಿ. ಆದರೆ ನಿಮ್ಮ ಮಗಳು ಆಡಲು ಬೇರೆಯವರ ಮನೆಗೆ ಹೋಗುವ ಮುಂಚೆ "ಮನೆಯಲ್ಲಿ ಬಂದೂಕು ಇದೆಯಾ, ಬೀಗ ಹಾಕಿ ಇಟ್ಟಿದ್ದೀರಾ" ಎಂದು ಕೇಳಿ. ಸಂಕೋಚ ಬೇಡ. ಇಲ್ಲಿನ ತಂದೆತಾಯಿಯರೂ ಕೇಳುತ್ತಾರೆ.

ಊರಿನಿಂದ ಸ್ಪ್ಯಾನರ್ ಸೆಟ್ ಬೇಡ. ಅಲ್ಲಿನ ಟಪಾರಿಯಾ ಕಂಪನಿಯದ್ದು ಗಟ್ಟಿಮುಟ್ಟು, ಆ ಬಗ್ಗೆ ಎರಡು ಮಾತಿಲ್ಲ. ಆದರೆ ಭಾರ ಜಾಸ್ತಿ. ಜೊತೆಗೆ ಇಲ್ಲಿ ಮನೆಯ ಸಾಮಾನುಗಳಲ್ಲಿ ಇಂಚಿನ ನಟ್ಟುಗಳೂ ಬರುತ್ತವೆ. ಅರ್ಧ ಇಂಚಿನ ನಟ್ಟಿಗೆ 13 ಮಿಲಿಮೀಟರ್ ಹಾಕಿದರೆ ಸ್ವಲ್ಪ ಸಡಿಲ, ಗಟ್ಟಿ ಎಳೆದರೆ ಜಾರುತ್ತದೆ. ಇಂಚು, ಮಿಲಿಮೀಟರ್ ಎರಡೂ ಇರುವ ಸೆಟ್ ಇಲ್ಲೇ ಕೊಳ್ಳಿ. ಆ ತೂಕದಲ್ಲಿ ನಿಮ್ಮ ತಾಯಿ ಕಾಚಂಪುಳಿಯನ್ನೂ ಕಾಳುಮೆಣಸನ್ನೂ ತರಲಿ.

ಮತ್ತೆ, ಅವರಿಗೆ ಫೋನ್ ಮಾಡಿದಾಗ ಒಂದು ಮಾತು ಹೇಳಿ. ಮನೆಯ ಹಳೆಯ ಬ್ಯಾಗುಗಳನ್ನು ತರುವುದಾದರೆ ಪ್ರತಿ ಜೇಬನ್ನೂ ಹೊರಗೆಳೆದು ನೋಡಲಿ. ತೋಟಕ್ಕೆ ಹೋಗುವಾಗ ಹಾಕಿಕೊಂಡ ಒಂದೇ ಒಂದು ತೋಟಾ ಮೂಲೆಯಲ್ಲಿ ಉಳಿದಿದ್ದರೂ ಬೆಂಗಳೂರು ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ. ಪೊಲೀಸ್ ಕೇಸೂ ಆಗಬಹುದು. ಹೊಸ ಬ್ಯಾಗ್ ಕೊಂಡರೆ ಇನ್ನೂ ಒಳ್ಳೆಯದು.