ಆಲಿಕಲ್ಲಿನ ಉಂಗುರ ಎಣಿಸಬಹುದೇ?

ಪ್ರಶ್ನೆ: ಮೊನ್ನೆ ಬಿದ್ದ ಆಲಿಕಲ್ಲೊಂದನ್ನು ಮಗಳು ಎರಡು ಹೋಳು ಮಾಡಿದಳು. ಒಳಗೆ ಬಿಳಿ ಪದರ, ಗಾಜಿನಂಥ ಪದರ, ಮತ್ತೆ ಬಿಳಿ, ಥೇಟ್ ಮರದ ಕಾಂಡದ ಉಂಗುರಗಳು! ಕಲ್ಲು ಮೋಡದಲ್ಲಿ ಎಷ್ಟು ಸಲ ಮೇಲೆ ಹೋಗಿ ಕೆಳಗೆ ಬಂತೋ ಅಷ್ಟು ಉಂಗುರ ಎಂದು ಓದಿದ್ದೆ. ನಿಜವೇ?

ಉತ್ತರ: ಮೊದಲು ಮಗಳಿಗೆ ಶಭಾಷ್ ಹೇಳಿ. ಆಲಿಕಲ್ಲು ಬಿದ್ದರೆ ಎಲ್ಲರೂ ಫೋಟೊ ತೆಗೆಯುತ್ತಾರೆ, ಸೀಳಿ ನೋಡುವವರು ಎಷ್ಟು ಜನ?

ಇನ್ನು ಲೆಕ್ಕದ ವಿಷಯ. ಮರದ ಉಂಗುರ ಎಣಿಸಿದರೆ ವಯಸ್ಸು ಸಿಗುತ್ತದೆ. ಆಲಿಕಲ್ಲಿನದು ಎಣಿಸಿದರೆ ಓಡಾಟದ ಲೆಕ್ಕ ಸಿಗುವುದಿಲ್ಲ. ಹಳೆಯ ಪುಸ್ತಕಗಳಲ್ಲಿ ನೀವು ಹೇಳಿದ ಹಾಗೆಯೇ ಇರುತ್ತಿತ್ತು, ಒಪ್ಪುತ್ತೇನೆ. ಬೋರ್ಡಿನ ಮೇಲೆ ಬಾಣ ಎಳೆದು ತೋರಿಸೋದು ಸುಲಭ ನೋಡಿ, ಅದಕ್ಕೇ ಆ ವಿವರಣೆ ಇನ್ನೂ ಉಳಿದಿದೆ ಅಂತ ನನ್ನ ಗುಮಾನಿ.

ಗುಡುಗಿನ ಮೋಡದ ಒಳಗೆ ಮೈನಸ್ 20 ಡಿಗ್ರಿಯಲ್ಲೂ ಸಣ್ಣ ಸಣ್ಣ ಹನಿಗಳು ನೀರಾಗಿಯೇ ಇರುತ್ತವೆ. ಒಂದು ಹಿಮದ ಕಾಳು ಎದುರಾದರೆ ಸಾಕು, ಅದಕ್ಕೆ ಅಂಟಿಕೊಂಡು ಹೆಪ್ಪುಗಟ್ಟುತ್ತವೆ. ಕಲ್ಲು ಬೆಳೆಯುವುದು ಹೀಗೆ. ಹನಿಗಳು ಕಡಿಮೆ, ಚಳಿ ಜಾಸ್ತಿ ಇರುವ ಕಡೆ ಪ್ರತಿ ಹನಿಯೂ ತಗುಲಿದ ತಕ್ಷಣ ಗಟ್ಟಿಯಾಗುತ್ತದೆ. ನಡುವೆ ಗಾಳಿಯ ಗುಳ್ಳೆಗಳು ಸಿಕ್ಕಿಹಾಕಿಕೊಳ್ಳುತ್ತವೆ. ಅದು ನಿಮ್ಮ ಬಿಳಿ ಪದರ. ಹನಿಗಳು ದಟ್ಟವಾಗಿರುವ ಕಡೆ ಕಥೆಯೇ ಬೇರೆ. ನೀರು ಹೆಪ್ಪುಗಟ್ಟುವಾಗ ಶಾಖ ಬಿಡುತ್ತದೆ, ಅಲ್ವಾ? ಆ ಶಾಖಕ್ಕೆ ಕಲ್ಲಿನ ಮೈ ಸೊನ್ನೆ ಡಿಗ್ರಿಯ ಹತ್ತಿರಕ್ಕೆ ಬರುತ್ತದೆ. ನೀರು ಅದರ ಮೇಲೆ ತೆಳ್ಳಗೆ ಹರಡಿ, ನಿಧಾನವಾಗಿ ಗಟ್ಟಿಯಾಗುತ್ತದೆ. ಅಷ್ಟರಲ್ಲಿ ಗುಳ್ಳೆಗಳು ತಪ್ಪಿಸಿಕೊಂಡಿರುತ್ತವೆ. ಗಾಜಿನಂಥ ಪದರ ಅದು.

ಅಂದರೆ ಪದರ ಬದಲಾಗೋಕೆ ಕಲ್ಲು ಕೆಳಗೆ ಬಂದು ಮತ್ತೆ ಮೇಲೆ ಹೋಗಬೇಕಿಲ್ಲ. ಮೇಲೇರುವ ಗಾಳಿಯನ್ನು ಒಂದೇ ಸಲ ಅಡ್ಡ ಹಾಯ್ದರೂ ಸಾಕು, ದಾರಿಯಲ್ಲಿ ಒಂದು ಕಡೆ ಹನಿ ಜಾಸ್ತಿ, ಇನ್ನೊಂದು ಕಡೆ ಕಡಿಮೆ. ಸಮಯದ ಲೆಕ್ಕವನ್ನೂ ನೋಡಿ. ದೊಡ್ಡ ಕಲ್ಲು ಕೂಡ ಸಾಮಾನ್ಯವಾಗಿ ಹತ್ತಿಪ್ಪತ್ತು ನಿಮಿಷದೊಳಗೆ ಬೆಳೆದುಬಿಡುತ್ತದೆ. ಗಾಲ್ಫ್ ಚೆಂಡಿನಷ್ಟು ಕಲ್ಲನ್ನು ಬೀಳದಂತೆ ತಡೆಯೋಕೇ ಗಾಳಿ ಗಂಟೆಗೆ ಸುಮಾರು 90 ಕಿ.ಮೀ. ವೇಗದಲ್ಲಿ ಮೇಲೇರುತ್ತಿರಬೇಕು. ಏಳೆಂಟು ಸಲ ಓಡಾಡೋಕೆ ಪುರುಸೊತ್ತೆಲ್ಲಿ?

ಮುಂದಿನ ಸಲ ಕಲ್ಲನ್ನು ಫ್ರೀಜರಿನಲ್ಲಿಟ್ಟು, ತೆಳ್ಳಗೆ ಸೀಳಿ, ಉಗುರುಬೆಚ್ಚಗಿನ ಲೋಹದ ತಟ್ಟೆಯ ಮೇಲೆ ಉಜ್ಜಿ ನಯ ಮಾಡಿ. ಬಿಲ್ಲೆ ಒಂದು ಮಿಲಿಮೀಟರಿಗಿಂತ ತೆಳುವಾಗಿದ್ದರೆ ಒಳ್ಳೆಯದು. ಎರಡು ಪೋಲರಾಯ್ಡ್ ಹಾಳೆಗಳನ್ನು (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಪ್ಲಾಸ್ಟಿಕ್ ಹಾಳೆ) ಒಂದಕ್ಕೊಂದು ಅಡ್ಡ ಹಿಡಿದು, ನಡುವೆ ಅದನ್ನಿಟ್ಟು ದೀಪಕ್ಕೆ ಹಿಡಿಯಿರಿ. ಒಂದೊಂದು ಹರಳೂ ಒಂದೊಂದು ಬಣ್ಣದಲ್ಲಿ ಕಾಣುತ್ತದೆ. ಸ್ವಲ್ಪ ಬೇಗ ನೋಡಿ, ಕೈ ಬಿಸಿಗೇ ಕರಗುತ್ತದೆ.

ಪ್ರಶ್ನೆ: ಇದುವರೆಗಿನ ಅತಿ ದೊಡ್ಡ ಆಲಿಕಲ್ಲು ಯಾವುದು?

ಉತ್ತರ: ತೂಕದಲ್ಲಿ, 1986ರ ಏಪ್ರಿಲ್ 14ರಂದು ಬಾಂಗ್ಲಾದೇಶದ ಗೋಪಾಲ್‌ಗಂಜ್‌ನಲ್ಲಿ ಬಿದ್ದದ್ದು: 1.02 ಕೆ.ಜಿ. ಅಮೆರಿಕದ ದಾಖಲೆ 2010ರ ಜುಲೈ 23ರಂದು ದಕ್ಷಿಣ ಡಕೋಟಾದ ವಿವಿಯನ್‌ನಲ್ಲಿ ಸಿಕ್ಕಿದ್ದು. 20 ಸೆಂ.ಮೀ. ಅಗಲ, ತೂಕ 880 ಗ್ರಾಂ. ಅದು ಇನ್ನೂ ದೊಡ್ಡದಿತ್ತಂತೆ. ಬಿರುಗಾಳಿಗೆ ಕರೆಂಟ್ ಹೋಗಿ, ಫ್ರೀಜರಿನಲ್ಲೇ ಸ್ವಲ್ಪ ಕರಗಿತು. ಇಷ್ಟು ದೊಡ್ಡವು ಗುಂಡಗಿರುವುದಿಲ್ಲ, ಮೈಯೆಲ್ಲ ಗುಬುಟು ಗುಬುಟು.

ಪ್ರಶ್ನೆ: ಭೂಮಿ ಬಿಸಿಯಾಗುತ್ತಿದೆ ಅಂದಮೇಲೆ ಆಲಿಕಲ್ಲು ಕಡಿಮೆಯಾಗಬೇಕಲ್ಲವೇ?

ಉತ್ತರ: ನಿಮ್ಮ ತರ್ಕ ಅರ್ಧ ಸರಿ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7 ಶೇಕಡ ಹೆಚ್ಚು ನೀರಾವಿ ಹಿಡಿಯಬಲ್ಲದು. ಇದರಿಂದ ಬಿರುಗಾಳಿ ಮೋಡಗಳಿಗೆ ಬಲ ಬರುತ್ತದೆ, ಮೇಲೇರುವ ಗಾಳಿ ಜೋರಾಗುತ್ತದೆ, ದೊಡ್ಡ ಕಲ್ಲುಗಳಿಗೆ ಅನುಕೂಲ. ಇನ್ನೊಂದು ಕಡೆ, ಸೊನ್ನೆ ಡಿಗ್ರಿಯ ಮಟ್ಟವೂ ಮೇಲಕ್ಕೆ ಸರಿಯುತ್ತದೆ. ಬೀಳುವ ಕಲ್ಲು ಬಿಸಿ ಗಾಳಿಯಲ್ಲಿ ಹೆಚ್ಚು ದೂರ ಬರಬೇಕು. ಸಣ್ಣವು ದಾರಿಯಲ್ಲೇ ಕರಗಿ ಮಳೆಯಾಗುತ್ತವೆ. ದೊಡ್ಡವು ವೇಗವಾಗಿ ಬೀಳುವುದರಿಂದ ಕರಗೋಕೆ ಸಮಯ ಸಿಗುವುದಿಲ್ಲ. ಹಾಗಾಗಿ ಬಹಳ ಕಡೆ ಆಲಿಕಲ್ಲು ಬೀಳುವ ದಿನಗಳು ಕಡಿಮೆಯಾಗಿ, ಬಿದ್ದಾಗ ಮಾತ್ರ ದೊಡ್ಡವೇ ಬೀಳಬಹುದು ಎಂಬುದು ಹಲವು ಹವಾಮಾನ ತಜ್ಞರ ಅಂದಾಜು. ಎಲ್ಲ ಕಡೆಗೂ ಒಂದೇ ಉತ್ತರವಂತೂ ಇಲ್ಲ.